ಪಾತಿಗೆ ಎರಡು ಕಳೆ

ನನ್ನ ಮೊದಲ ಕೆಲಸ, ಬಿಟ್ಟುಹೋದ ಕಳೆಯನ್ನು ಎಣಿಸುವುದಾಗಿತ್ತು.

ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ರಾಯಚೂರಿನ ಒಂದು ಸಾರ್ವಜನಿಕ ಉದ್ಯಾನಕ್ಕೆ ಸಹಾಯಕಿಯಾಗಿ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗಿಡಮರಗಳಿಗೆ ಹೆಸರಿನ ಫಲಕ ಬರೆಸುವುದು, ಒಣಗಿಸಿದ ಮಾದರಿಗಳನ್ನು ಹಾಳೆಗೆ ಅಂಟಿಸಿಡುವುದು ನನ್ನ ಪಾಲಿಗೆ ಬರಬಹುದು ಎಂದುಕೊಂಡಿದ್ದೆ. ಉದ್ಯಾನದ ಸೂಪರಿಂಟೆಂಡೆಂಟರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರು ಗೆರೆ ಹೊಡೆದ ಒಂದು ನೋಟ್‌ಬುಕ್ಕನ್ನು ನನ್ನ ಮುಂದಿಟ್ಟು, "ಹೆಣ್ಣಾಳುಗಳು ಕಳೆ ತೆಗೆದು ಹೋದ ಮೇಲೆ ಪ್ರತಿ ಪಾತಿಗೂ ಹೋಗಿ ನೋಡಿ. ಎಷ್ಟು ಕಳೆ ಉಳಿದಿದೆ ಅಂತ ಬರೀರಿ. ಸೊನ್ನೆ ಇರಬೇಕು," ಎಂದರು. ಮೈಸೂರಿನ ಕಡೆಯವರು. ಬಿಸಿಲಿಗೆ ಕೊಡೆ ಹಿಡಿದು ನಡೆಯುವರು. ಮಡಚಿದಾಗ ಅದರ ತುದಿಯಿಂದ ಬೇಡವಾದ ಗಿಡವನ್ನು ತೋರಿಸುವರು. ಮಾತು ಕಡಿಮೆ. ನನಗೂ ಅದೇ ಹಿತವಾಗಿತ್ತು.

ಈಗ ಇಂಥ ಕೆಲಸಕ್ಕೆ ಸೇರುತ್ತಿರುವ ಕೆಲವು ಹುಡುಗಿಯರು, ನಾನು ನಿವೃತ್ತಳಾಗಿದ್ದೇನೆಂದು ತಿಳಿದು, ಏನೇನು ಓದಿಕೊಳ್ಳಬೇಕು ಎಂದು ಕೇಳಲು ಬರುತ್ತಾರೆ. ಪುಸ್ತಕಗಳ ಪಟ್ಟಿ ಕೊಟ್ಟು ಕಳಿಸಿದ್ದೇನೆ. ಪುಸ್ತಕದಲ್ಲಿ ಸಿಗದಿರುವುದು ನಾನು ಮಾಡಿದ ಒಂದು ತಪ್ಪು. ಅದನ್ನು ಎದುರು ಕೂತು ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ.

ಉದ್ಯಾನದಲ್ಲಿ ಹೂವಿನ ಪಾತಿಗಳು ನಲವತ್ತೆರಡು. ಕಳೆ ತೆಗೆಯಲು ಆರು ಜನ ಹೆಂಗಸರು. ಹಿರಿಯಳು ಹುಲಿಗೆಮ್ಮ. ಐವತ್ತರ ಆಸುಪಾಸಿನವಳು, ಕುಕ್ಕರುಗಾಲಲ್ಲಿ ಕೂತು ಒಂದು ಪಾತಿಯನ್ನು ಎದ್ದೇಳದೆ ಮುಗಿಸುತ್ತಿದ್ದಳು. ಎಲ್ಲರಿಗಿಂತ ಚಿಕ್ಕವಳು ನರಸಮ್ಮ, ಬಾಯಿ ಜೋರು. ಕುರ್ಪಿಯಿಂದ ಕಿತ್ತ ಕಳೆಯಲ್ಲಿ ಒಂದಿಷ್ಟು ಬುಟ್ಟಿಗೆ ಹೋದರೆ ಇನ್ನೊಂದಿಷ್ಟು ಅವರ ಉಡಿಗೆ ಹೋಗುತ್ತಿತ್ತು. ಹಕ್ಕರಕಿ, ಕಿರಕಸಾಲಿ, ಎಳೆಯ ತಗಚಿ, ನೀರಿನ ಕಾಲುವೆಯ ಬದಿಯ ಹೊನಗೊನ್ನಿ. ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಒಂದೊಂದು ಲ್ಯಾಟಿನ್ ಹೆಸರಿತ್ತು. ಅವರು ಎಲ್ಲವನ್ನೂ ಸೇರಿಸಿ ಪಲ್ಯ ಎನ್ನುತ್ತಿದ್ದರು. ಮಳೆಗಾಲದ ಮೂರು ತಿಂಗಳು ಆ ಆರು ಮನೆಗಳವರು ಕಾಯಿಪಲ್ಯಕ್ಕೆಂದು ಸಂತೆಗೆ ಹೋಗುತ್ತಿರಲಿಲ್ಲ.

ಒಮ್ಮೆ ನಾನು ಬರೆಯುತ್ತಿರುವಾಗ ನರಸಮ್ಮ ಇಣುಕಿ ನೋಡಿದಳು.

"ಬಾಯಾರ, ಇದಕ್ಕೇನಂತ ಬರದ್ರಿ?"

"ಲಾನಿಯಾ."

"ಹಂಗಂದ್ರೇನ್ರಿ?"

"ಹಕ್ಕರಕಿ."

"ಹಕ್ಕರಕಿ ಅಂತ ನಾನೇ ಹೇಳ್ತಿದ್ನಲ್ಲ. ಇಷ್ಟಕ್ಕ ಧಾರವಾಡ ತನಕ ಯಾಕ ಹೋಗಿದ್ರಿ?"

"ಸುಮ್ಮನಿರ ಬೇ," ಎಂದಳು ಹುಲಿಗೆಮ್ಮ, ತಲೆ ಎತ್ತದೆ. "ಅವರ ಮನಿಯವರು ಓದಸ್ಯಾರ, ಅವರು ಓದ್ಯಾರ. ನಿಂಗೇನು ಕಷ್ಟ?"

ಮಧ್ಯಾಹ್ನ ಬೇವಿನ ಮರದ ಕೆಳಗೆ ಜೋಳದ ರೊಟ್ಟಿಯ ಗಂಟು ಬಿಚ್ಚಿ, ಹಸಿ ಹಕ್ಕರಕಿ ತೊಳೆದು, ನನ್ನನ್ನೂ ಕರೆಯುತ್ತಿದ್ದರು. "ಊಟ ಆಗೇದ" ಎಂದು ಹೇಳಿ ನಾನು ಕಚೇರಿಯ ಕೋಣೆಗೆ ಹೋಗುತ್ತಿದ್ದೆ. ನಮ್ಮದು ಮಾನ್ವಿಯಲ್ಲಿ ದೇವಸ್ಥಾನದ ಸೇವೆಯ ಮನೆ. ಹೊರಗೆ, ಇನ್ನೊಬ್ಬರ ಕೈಯದನ್ನು ತಿಂದು ರೂಢಿ ಇರಲಿಲ್ಲ. ಎರಡನೆಯ ವಾರದಿಂದ ಅವರು ಕರೆಯುವುದನ್ನು ಬಿಟ್ಟರು. ನನಗೆ ಮುಜುಗರವಾಗಬಾರದು ಎಂದು ಬಿಟ್ಟರು ಎಂಬುದು ಆಗ ತಿಳಿಯಲಿಲ್ಲ.

ಎಣಿಕೆಗೆ ಬರುತ್ತೇನೆ. ಪ್ರತಿ ಪಾತಿಯಲ್ಲೂ ಎರಡೋ ಮೂರೋ ಕಳೆಗಿಡ ಉಳಿದಿರುತ್ತಿದ್ದವು. ಅವು ಕಣ್ಣು ತಪ್ಪಿ ಉಳಿದ ಸಣ್ಣ ಸಸಿಗಳಲ್ಲ. ದಪ್ಪ ದಂಟಿನ, ಚೆನ್ನಾಗಿ ಬೆಳೆದ ಗಿಡಗಳು. ಬಹುತೇಕ ಪಾತಿಯ ಮೂಲೆಯಲ್ಲಿ ಇರುತ್ತಿದ್ದವು. ಆ ಎರಡು ಸಂಗತಿಯನ್ನೂ ನಾನು ಬರೆದುಕೊಂಡಿದ್ದೆ, ಯಾಕೆ ಎಂದು ಮಾತ್ರ ಯೋಚಿಸಲಿಲ್ಲ. ತಿಂಗಳ ಕೊನೆಗೆ ನೋಟ್‌ಬುಕ್ಕು ನೋಡಿದ ಸಾಹೇಬರು, "ಪಾತಿಗೆ ಎರಡು ಅಂತ ಲೆಕ್ಕ ಇಟ್ಟು ಬಿಟ್ಟ ಹಾಗಿದೆಯಲ್ಲ. ಹೀಗೇ ಆದರೆ ಆಳುಗಳನ್ನು ಬದಲಾಯಿಸಬೇಕಾಗುತ್ತೆ," ಎಂದರು.

"ನಾನು ನೋಡಿಕೊಳ್ಳುತ್ತೇನೆ ಸರ್," ಎಂದೆ.

ಹುಲಿಗೆಮ್ಮನನ್ನು ಕೇಳಿದ್ದರೆ ಅಂದೇ ಮುಗಿಯುತ್ತಿತ್ತು. ಕೇಳಿದರೆ ಬೈದಂತಾಗುತ್ತದೆ, ವಯಸ್ಸಾದ ಹೆಂಗಸು ನೊಂದುಕೊಳ್ಳುತ್ತಾಳೆ ಎಂದುಕೊಂಡೆ. ಅದರ ಬದಲು, ಸಂಜೆ ಐದಕ್ಕೆ ಅವರು ಹೊರಟುಹೋದ ಮೇಲೆ, ಗೇಟು ಹಾಕುವ ಮೊದಲು, ನಾನೇ ಪಾತಿಯಿಂದ ಪಾತಿಗೆ ಹೋಗಿ ಉಳಿದ ಗಿಡಗಳನ್ನು ಬೇರು ಸಮೇತ ಕಿತ್ತು ಹಾಕತೊಡಗಿದೆ. ಮಳೆ ಬಂದು ನೆಲ ಮೆತ್ತಗಿದ್ದರೆ ಒಂದು ಗಂಟೆ ಸಾಕಾಗುತ್ತಿತ್ತು. ಅವರನ್ನು ಕಾಪಾಡುತ್ತಿದ್ದೇನೆ ಎಂಬ ಸಮಾಧಾನವೂ ಇತ್ತು. ಎರಡು ಮಳೆಗಾಲ ಹೀಗೆ ಮಾಡಿದೆ. ನೋಟ್‌ಬುಕ್ಕಿನ ಕೊನೆಯ ಅಂಕಣದಲ್ಲಿ ಸೊನ್ನೆಗಳು ಸಾಲಾಗಿ ನಿಂತವು. ಸಾಹೇಬರು ಮತ್ತೆ ಆ ವಿಷಯ ಎತ್ತಲಿಲ್ಲ.

ನಾನು ಕೈ ಹಾಕದೆ ಬಿಟ್ಟದ್ದು ಒಂದೇ ಜಾಗ, ನೀರಿನ ಟ್ಯಾಂಕಿನ ಹಿಂಭಾಗ. ಸಂಜೆ ಮಾಲಿಗಳು ಅಲ್ಲಿ ಸ್ನಾನ ಮಾಡುತ್ತಿದ್ದರು. ನಾನು ಆ ಕಡೆ ಹೋಗುತ್ತಿರಲಿಲ್ಲ.

ಮೂರನೆಯ ವರ್ಷ ಮಿರಗದ ಮಳೆ, ಜೂನಿನ ಮೊದಲ ಮಳೆ, ಸಮಯಕ್ಕೆ ಬಂತು. ಹದಿನೈದು ದಿನದಲ್ಲಿ ನೆಲವೆಲ್ಲ ಹಸಿರಾಯಿತು. ಅದು ಬೇರೆ ಹಸಿರು. ಗಜ್ಜರಿ ಸೊಪ್ಪಿನಂಥ ಸೀಳೆಲೆ, ಸ್ವಲ್ಪ ದಿನಕ್ಕೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಬಿಳಿ ಹೂ. ಪಾರ್ಥೇನಿಯಂ. ಜನ ಅದನ್ನು ಕಾಂಗ್ರೆಸ್ ಕಸ ಎಂದು ಕರೆಯುತ್ತಿದ್ದರು. ಹಿಂದಿನ ವರ್ಷ ಹುಲ್ಲುಹಾಸಿಗೆಂದು ಲಾರಿಯಲ್ಲಿ ತರಿಸಿದ ಮಣ್ಣಿನ ಜೊತೆ ಬಂದಿರಬೇಕು. ಆಗ ಊರಿನ ಹೊರಗೆ ರಸ್ತೆಯ ಬದಿಗಳಲ್ಲೂ ಅದೇ ಹಬ್ಬುತ್ತಿತ್ತು. ನಮ್ಮ ಉದ್ಯಾನದಲ್ಲಿ ಅದಕ್ಕೆ ಪಾತಿಗಳು ಖಾಲಿ ಸಿಕ್ಕಿದ್ದವು. ಹಕ್ಕರಕಿ ಅಲ್ಲೊಂದು ಇಲ್ಲೊಂದು. ತಗಚಿ, ಕಿರಕಸಾಲಿ ಹುಡುಕಬೇಕಿತ್ತು. ಹೆಂಗಸರು ಸಂಜೆ ಬರಿಯ ಉಡಿಯಲ್ಲಿ ಮನೆಗೆ ಹೋಗುತ್ತಿದ್ದರು.

ಆ ಕಸ ಕಿತ್ತ ಕೈಗೆ ತುರಿಕೆ. ಎರಡು ವಾರದಲ್ಲಿ ಹುಲಿಗೆಮ್ಮನ ಮೊಣಕೈವರೆಗೆ ಕೆಂಪು ಗಂದೆ ಎದ್ದವು. ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಸೀರೆಯ ಚೂರು ಸುತ್ತಿಕೊಂಡು ಕೂರುತ್ತಿದ್ದಳು. ಇವತ್ತು ಕಿತ್ತ ಪಾತಿ ಮುಂದಿನ ವಾರ ಮತ್ತೆ ಹಾಗೆಯೇ ಇರುತ್ತಿತ್ತು.

ಶನಿವಾರ ಸಾಹೇಬರು ನನ್ನನ್ನು ಕರೆದರು. ಮೇಜಿನ ಮೇಲೆ ಕಳೆ ಸಾಯಿಸುವ ಔಷಧಿ ಸಿಂಪಡಿಸುವ ಪಂಪಿನ ಚಿತ್ರವಿದ್ದ ಕಾಗದವಿತ್ತು.

"ಇದನ್ನ ತರಿಸ್ತೀನಿ. ಇಬ್ಬರು ಮಾಲಿಗಳು ಸಾಕು, ಎರಡು ದಿನದ ಕೆಲಸ. ಈ ತಿಂಗಳ ಕೊನೆಗೆ ಆ ಆರು ಜನರ ಹೆಸರು ಹಾಜರಿಯಿಂದ ತೆಗೀತೀನಿ. ಅವರ ನಿರ್ಲಕ್ಷ್ಯದಿಂದ ಕಳೆ ಹೆಚ್ಚಾಯ್ತು ಅಂತ ಎರಡು ಸಾಲು ನೀವು ಬರೆದು ಕೊಡಿ. ಎಣಿಕೆ ಇಟ್ಟವರು ನೀವು. ಸೋಮವಾರ ಬೆಳಿಗ್ಗೆ ಕೊಟ್ಟರೆ ಸಾಕು."

ಹೊರಗೆ ಬಂದೆ. ಆರು ಜನ ಬೇವಿನ ಮರದ ಕೆಳಗೆ ಕೂತಿದ್ದರು. ರೊಟ್ಟಿಗೆ ಅಂದು ಉಳ್ಳಾಗಡ್ಡಿ, ಒಣ ಖಾರ ಇತ್ತು, ಸೊಪ್ಪು ಇರಲಿಲ್ಲ. ನಾನು ಮೊದಲ ಬಾರಿಗೆ ಅವರ ಸಮಕ್ಕೆ ನೆಲದ ಮೇಲೆ ಕೂತೆ.

"ಹುಲಿಗೆಮ್ಮಾ, ಮೊದಲ ವರ್ಷ ಪಾತಿಗೆ ಎರಡೆರಡು ಗಿಡ ಬಿಡ್ತಿದ್ರಲ್ಲ, ಯಾಕ?"

ಅವಳು ಉಳಿದವರ ಮುಖ ನೋಡಿದಳು. ಆಮೇಲೆ, ಚಿಕ್ಕ ಹುಡುಗಿಗೆ ಹೇಳುವ ಹಾಗೆ ಹೇಳಿದಳು. "ಬೀಜಕ್ಕರಿ. ಚಲೋ ಗಿಡ ನೋಡಿ ಬಿಡಬೇಕು. ಬೀಜ ಉದುರೋ ತನಕ ತಾಯಿಗಿಡ ಮುಟ್ಟಂಗಿಲ್ಲ. ಎಲ್ಲಾ ಕಿತ್ತಿದ್ರ ಮುಂದಿನ ಮಳಿಗೆ ಏನ್ ಬರ್ತದ? ಖಾಲಿ ನೆಲ ಖಾಲಿ ಇರಂಗಿಲ್ರಿ ಬಾಯಾರ. ಪಲ್ಯ ಬರಲಿಲ್ಲಂದ್ರ ಕಸ ಬರ್ತದ."

"ಅವನ್ನ ಕಿತ್ತಾಕಿದ್ದು ನಾನು," ಎಂದೆ.

ಯಾರೂ ಬೆರಗಾಗಲಿಲ್ಲ. ನರಸಮ್ಮ ರೊಟ್ಟಿ ಮುರಿಯುತ್ತ, "ಗೊತ್ತದರಿ," ಎಂದಳು.

"ಹೆಂಗ ಗೊತ್ತು?"

"ಮರುದಿನ ಬಂದು ನೋಡಿದ್ರ ಕುರ್ಪಿ ಹಚ್ಚಿದ್ದ ಗುರುತಿಲ್ಲ. ಬೇರು ಸಮೇತ ಕಿತ್ತು, ಮಣ್ಣು ಝಾಡಿಸಿ, ದೊಡ್ಡವು ಒಂದ ಕಡಿ, ಸಣ್ಣವು ಒಂದ ಕಡಿ ಜೋಡಿಸಿಟ್ಟಿರ್ತಿತ್ತು. ಕಸ ಜೋಡಿಸಿ ಇಡೋವಷ್ಟು ಪುರಸೊತ್ತು ನಮ್ಮಾಗ ಯಾರಿಗದ?"

ಒಬ್ಬಿಬ್ಬರು ಸೆರಗು ಬಾಯಿಗೆ ಹಚ್ಚಿ ನಕ್ಕರು. ನನಗೂ ಸ್ವಲ್ಪ ನಗು ಬಂತು, ಕಣ್ಣಲ್ಲಿ ನೀರೂ ಬಂತು. ತಲೆ ತಗ್ಗಿಸಿದೆ.

"ಮತ್ತ ಒಂದ ಮಾತು ಹೇಳಬಾರದಿತ್ತಾ?"

"ಸಾಹೇಬರ ಹುಕುಂ ಇರಬೇಕು ಅಂದುಕೊಂಡ್ವಿ," ಎಂದಳು ಹುಲಿಗೆಮ್ಮ. "ಹುಕುಂ ಮ್ಯಾಲ ನೀವು ಮಾಡಾಕತ್ತೀರಿ. ನಾವು ಕೇಳಿದ್ರ ನಿಮಗ ಸಂಕಟ. ಹುಡುಗಿ ಒಬ್ಬಾಕಿ ಊರು ಬಿಟ್ಟು ಬಂದಾಳ, ಇಕಿ ನೌಕ್ರಿಗೆ ನಾವ್ಯಾಕ ಕಲ್ಲು ಹಾಕೂಣು ಅಂತ ಸುಮ್ಮನಾದ್ವಿ."

ಎರಡು ವರ್ಷ ನಾನು ಅವರನ್ನು ಕಾಪಾಡುತ್ತಿದ್ದೆ, ಅವರು ನನ್ನನ್ನು ಕಾಪಾಡುತ್ತಿದ್ದರು; ಎರಡೂ ಕಡೆಯವರು ಸೇರಿ ಪಲ್ಯವನ್ನು ನಾಶ ಮಾಡಿದ್ದೆವು. ನಾನು ಮುಂದೆ ಹಲವು ಕಡೆ ಕೆಲಸ ಮಾಡಿದೆ. ಗಿಡದ ರೋಗ, ನೀರಿನ ಕೊರತೆ, ಕೆಟ್ಟ ಬೀಜ ಎಲ್ಲ ಕಂಡಿದ್ದೇನೆ. ಇಷ್ಟು ಸಭ್ಯತೆಯಿಂದ ಆದ ಹಾನಿಯನ್ನು ಬೇರೆಲ್ಲೂ ಕಂಡಿಲ್ಲ.

ಸಾಹೇಬರು ಬರೆಯಲು ಹೇಳಿದ ಎರಡು ಸಾಲಿನ ವಿಷಯ ಹೇಳಿದೆ. ನಗು ನಿಂತಿತು. ನರಸಮ್ಮ ಕೈಯಲ್ಲಿದ್ದ ತುತ್ತನ್ನು ಗಂಟಿಗೆ ಹಾಕಿದಳು. ಅವಳ ಮಗಳು ಆ ವರ್ಷ ಹೈಸ್ಕೂಲಿಗೆ ಸೇರಿದ್ದಳು. ಗಂಡನಿಗೆ ವರ್ಷದ ಅರ್ಧದಷ್ಟು ದಿನ ಕೆಲಸ ಇರುತ್ತಿರಲಿಲ್ಲ. ಉಳಿದವರ ಮನೆಯ ಸ್ಥಿತಿಯೂ ಹೆಚ್ಚು ಬೇರೆ ಇರಲಿಲ್ಲ.

ಹುಲಿಗೆಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. "ಬರ್ರಿ. ಒಂದು ತೋರಸ್ತೀನಿ."

ಅವಳು ನನ್ನನ್ನು ಕರೆದುಕೊಂಡು ಹೋದದ್ದು ನೀರಿನ ಟ್ಯಾಂಕಿನ ಹಿಂದಕ್ಕೆ. ಮಧ್ಯಾಹ್ನವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಗೋಡೆಯವರೆಗೆ ತಗಚಿ ದಟ್ಟವಾಗಿ ಎದ್ದಿತ್ತು, ಗೇಣು ಎತ್ತರ. ಅದರ ಒಳಗೆ ಕೈಯಾಡಿಸಿ ನೋಡಿದೆ. ಕಾಂಗ್ರೆಸ್ ಕಸದ ಸಸಿಗಳು ಒಂದೆರಡಿದ್ದವು, ಬಿಳುಚಿಕೊಂಡು ಮಲಗಿದ್ದವು. ಟ್ಯಾಂಕಿನ ಈಚೆ, ಹತ್ತು ಹೆಜ್ಜೆ ದೂರದಲ್ಲಿ, ಅದೇ ಕಸ ಸೊಂಟದವರೆಗೆ ಬಂದಿತ್ತು.

"ತಗಚಿ ಇದ್ದಲ್ಲಿ ಇದರ ಆಟ ನಡಿಯಂಗಿಲ್ಲ," ಎಂದಳು. "ನಮ್ಮ ತಂಗಿ ದೇವದುರ್ಗದಾಗ ಇರ್ತಾಳ. ಅಲ್ಲಿ ಹೊಲದ ಬದುವಿನ್ಯಾಗೂ ಹಿಂಗ ಅದ. ನೀವು ಓದಿದವರು, ಯಾಕಂತ ನೀವು ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ದಾರ, ಗೂಟ ತಂದು ಅಲ್ಲೊಂದು ಚೌಕ, ಇಲ್ಲೊಂದು ಚೌಕ ಕಟ್ಟಿ, ಎರಡರಲ್ಲೂ ಇದ್ದ ಗಿಡಗಳನ್ನು ಎಣಿಸಿ ಬರೆದುಕೊಂಡೆ. ಎಣಿಸಲು ಮಾತ್ರ ನನಗೆ ಬರುತ್ತಿತ್ತು.

ಸೋಮವಾರ ಸಾಹೇಬರಿಗೆ ಕೊಟ್ಟ ಕಾಗದದಲ್ಲಿ ಎರಡು ಸಾಲಿನ ಬದಲು ಒಂದು ಪುಟವಿತ್ತು. ನೋಟ್‌ಬುಕ್ಕಿನ ಸೊನ್ನೆಗಳು ನನ್ನವು, ಹೆಣ್ಣಾಳುಗಳವಲ್ಲ. ಅವರು ಬೀಜಕ್ಕೆಂದು ಬಿಟ್ಟ ಗಿಡಗಳನ್ನು ಎರಡು ವರ್ಷ ನಾನು ಅವರಿಗೆ ಹೇಳದೆ ಕಿತ್ತಿದ್ದೇನೆ. ಖಾಲಿಯಾದ ಪಾತಿಗಳಲ್ಲೇ ಈ ಕಸ ಹೆಚ್ಚಾಗಿದೆ. ನಾನು ಕೀಳದ ಜಾಗದಲ್ಲಿ ಅದು ತಲೆ ಎತ್ತಿಲ್ಲ. ಕೆಳಗೆ ಎರಡೂ ಚೌಕದ ಎಣಿಕೆ. ಆಗ ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಸಹಿ ಮಾಡುವಾಗ ಅದು ನೆನಪಿತ್ತು.

ಸಾಹೇಬರು ಎರಡು ಸಲ ಓದಿದರು.

"ನೀವು ಕಿತ್ತಿದ್ದು ಕಳೆಯನ್ನ. ಕಳೆ ಕಿತ್ತಿದ್ದು ತಪ್ಪು ಅಂತ ಉದ್ಯಾನದ ಸಹಾಯಕಿ ಬರೆದುಕೊಟ್ಟ ಕಾಗದವನ್ನ ನಾನು ಮೇಲಿನ ಕಚೇರಿಗೆ ಹೇಗೆ ಕಳಿಸಲಿ?"

"ಕಳಿಸುವ ಮೊದಲು ಟ್ಯಾಂಕಿನ ಹಿಂದೆ ಒಮ್ಮೆ ನೋಡಬೇಕು ಸರ್."

ಕೊಡೆ ತೆಗೆದುಕೊಂಡು ಹೊರಟರು. ಆರು ಜನ ಕೆಲಸ ಬಿಟ್ಟು ಎದ್ದು ನಿಂತು ನೋಡುತ್ತಿದ್ದರು. ಸಾಹೇಬರು ಕೊಡೆಯ ತುದಿಯಿಂದ ತಗಚಿಯನ್ನು ಅತ್ತಿತ್ತ ಸರಿಸಿ, ಬಗ್ಗಿ, ಬುಡ ನೋಡಿದರು.

"ಇದು ತಗಚೆ ಅಲ್ವ? ನಮ್ಮ ಕಡೆ ದನವೂ ಮುಟ್ಟಲ್ಲ."

ಹಿಂದಿನಿಂದ ನರಸಮ್ಮನ ದನಿ ಬಂತು. "ಸಾಹೇಬರ, ಬೆಳ್ಳುಳ್ಳಿ ಹಾಕಿ ಒಗ್ಗರಣಿ ಕೊಟ್ರ ದನಾನೂ ತಿಂತಾವ."

ಸಾಹೇಬರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಟ್ಯಾಂಕಿನ ಈಚೆಗೆ ಬಂದು ಕಸದ ಪಾತಿಗಳನ್ನು ನೋಡಿ, ಮತ್ತೆ ಹಿಂದಕ್ಕೆ ಹೋಗಿ ನೋಡಿದರು. ಕೊನೆಗೆ ಹೇಳಿದರು: "ಉತ್ತರದ ಕಡೆಯ ಹನ್ನೆರಡು ಪಾತಿ. ಮುಂದಿನ ಮಳೆಗಾಲ ಮುಗಿಯೋ ತನಕ ಟೈಮು. ಅಲ್ಲಿವರೆಗೆ ಇವರು ಹಾಜರಿಯಲ್ಲಿ ಇರ್ತಾರೆ. ಆಗಲಿಲ್ಲ ಅಂದ್ರೆ ಪಂಪು ಬರುತ್ತೆ, ಇವರು ಹೋಗ್ತಾರೆ. ಈ ಕಾಗದವನ್ನ ಅವತ್ತು ಕಳಿಸ್ತೀನಿ. ಕೆಳಗೆ ನಿಮ್ಮ ಸಹಿ ಇದೆ."

ಬೀಜ ಕೂಡಿಸುವುದು ಆ ಚಳಿಗಾಲದ ಕೆಲಸವಾಯಿತು. ಟ್ಯಾಂಕಿನ ಹಿಂದಿನದು ಹನ್ನೆರಡು ಪಾತಿಗೆ ಸಾಲುತ್ತಿರಲಿಲ್ಲ. ದೀಪಾವಳಿಗೆ ಮಾನ್ವಿಗೆ ಹೋದವಳು ಸುತ್ತಿನ ಹಳ್ಳಿಗಳಾದ ಕುರ್ಡಿಗೆ ಒಂದು ದಿನ, ಮಲ್ಲಟಕ್ಕೆ ಒಂದು ದಿನ ಹೋಗಿ, ಹೊಲದ ಬದುಗಳಲ್ಲಿ ಒಣಗಿ ನಿಂತ ತಗಚಿ ಕಾಯಿ ಕೊಯ್ದು ಚೀಲ ತುಂಬಿಕೊಂಡು ಬಂದೆ. ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಹರವಿದೆ. ಅವ್ವ ಮೇಲೆ ಬಂದು ನೋಡಿದಳು.

"ಏನಿದು?"

"ತಗಚಿ ಬೀಜ."

"ಕಸದ ಬೀಜ ಒಣಗಸಾಕ ಎಂ.ಎಸ್ಸಿ. ಮಾಡೀಯೇನವಾ? ಅದನ್ನ ನಮ್ಮ ಅಂಗಳದಾಗ ಬಿತ್ತಿದ್ರ ನಿಮ್ಮಪ್ಪ ಫುಕ್ಕಟೆ ಕಿತ್ತೊಗೀತಾರ," ಎಂದು ಕೆಳಗೆ ಹೋದಳು. ಸಂಜೆ ಮೋಡ ಕವಿದಾಗ, ನಾನು ಹೊರಗೆ ಹೋಗಿದ್ದೆ. ಬಂದು ನೋಡುವಷ್ಟರಲ್ಲಿ ಪಂಚೆ ಸಮೇತ ಬೀಜವನ್ನು ಅವಳೇ ಒಳಗೆ ತಂದು ಗೂಟಕ್ಕೆ ಗಂಟು ಕಟ್ಟಿದ್ದಳು.

ಹಕ್ಕರಕಿ, ಕಿರಕಸಾಲಿ ಬೀಜ ದೇವದುರ್ಗದಿಂದ ಬರಬೇಕಿತ್ತು. ಹುಲಿಗೆಮ್ಮ, ನಾನು ಒಂದು ಭಾನುವಾರ ಬಸ್ಸಿಗೆ ಹೋದೆವು. ಅವಳ ತಂಗಿಯ ಮನೆ ಊರ ಹೊರಗಿನ ಕೇರಿಯಲ್ಲಿ, ಎರಡು ಕೋಣೆಯದು. ಗೋಡೆಯ ಮೇಲೆ ಬುದ್ಧನ ಪಟ. ಹಕ್ಕರಕಿ ಬೀಜ ಹತ್ತಿಯ ಎಳೆಯಂತೆ ಹಾರುತ್ತದೆ. ಗಾಳಿ ಏಳುವ ಮೊದಲು ಕೂಡಿಸಬೇಕು, ಉಸಿರು ಬಿಗಿ ಹಿಡಿದು ಚೀಟಿಗೆ ಹಾಕಬೇಕು. ಹನ್ನೊಂದು ಗಂಟೆಗೆ ಮುಗಿಸಿ ಮನೆಗೆ ಬಂದಾಗ ಇಬ್ಬರಿಗೂ ತಾಟು ಹಾಕಿದ್ದರು. ಹುಲಿಗೆಮ್ಮ ತಂಗಿಗೆ, "ಬಾಯಾರದು ಊಟ ಆಗಿರ್ತದ," ಎಂದಳು. ನನಗೆ ಹೊರಗೆ ಹೋಗಲು ದಾರಿ ಮಾಡಿಕೊಟ್ಟ ಮಾತು ಅದು.

"ಆಗಿಲ್ಲ," ಎಂದೆ. ಕೂತೆ.

ಬಿಸಿ ರೊಟ್ಟಿ, ಬೇಳೆ ಹಾಕಿದ ಕಿರಕಸಾಲಿ ಪಲ್ಯ. ಈ ಊಟದ ವಿಷಯವನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಇಲ್ಲಿಯೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಬೇಸಿಗೆಯಲ್ಲಿ ಒಂದು ಆತಂಕ. ತಗಚಿ ಬೀಜವನ್ನು ಒದ್ದೆ ಬಟ್ಟೆಯಲ್ಲಿಟ್ಟು ನೋಡಿದರೆ ನೂರರಲ್ಲಿ ಬೆರಳೆಣಿಕೆಯಷ್ಟು ಮೊಳೆತವು. ಗಂಧಕಾಮ್ಲದಲ್ಲಿ ಅದ್ದಬೇಕು ಎಂದು ಪುಸ್ತಕದಲ್ಲಿತ್ತು. ಅಂಥದ್ದು ನಮ್ಮ ಕಚೇರಿಯಲ್ಲಿ ಇರಲಿಲ್ಲ. ಈ ಸಲ ಎರಡು ವರ್ಷ ಕಾಯಲಿಲ್ಲ. ಅಂದೇ ಹೋಗಿ ಹುಲಿಗೆಮ್ಮನನ್ನು ಕೇಳಿದೆ. ಅವಳು ಬೀಜಕ್ಕೆ ದಪ್ಪ ಮರಳು ಬೆರೆಸಿ, ಹಾಸುಗಲ್ಲಿನ ಮೇಲೆ ಹಾಕಿ, ಹಿಮ್ಮಡಿಯಿಂದ ತಿಕ್ಕಿದಳು. "ಮ್ಯಾಲಿನ ಸಿಪ್ಪಿ ಬಿರುಸದ. ಅದಕ್ಕ ಜರಾ ಗಾಯ ಆಗಬೇಕು, ಅಂದ್ರ ನೀರು ಕುಡೀತದ." ಮೂರನೆಯ ದಿನಕ್ಕೆ ಬಟ್ಟೆಯ ತುಂಬ ಮೊಳಕೆ.

ಮಿರಗಕ್ಕೆ ಮೊದಲು ಆ ಹನ್ನೆರಡು ಪಾತಿಗಳ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕಿತ್ತೆವು. ಗೋಣಿಚೀಲದ ತುಂಡಿನಿಂದ ನಾನು ಕೈಚೀಲಗಳನ್ನು ಹೊಲಿದಿದ್ದೆ, ಹೆಬ್ಬೆರಳಿಗೆ ಬೇರೆ ಗೂಡು ಮಾಡಿ. ನರಸಮ್ಮ ಹಾಕಿಕೊಂಡು, "ಮದಲಗಿತ್ತಿ ಕೈ ಕಂಡಂಗ ಕಾಣಾಕತ್ತಾವ," ಎಂದಳು. ತುರಿಕೆ ಮಾತ್ರ ಕಡಿಮೆಯಾಯಿತು. ಮಳೆ ಬಿತ್ತು, ಬಿತ್ತಿದೆವು.

ಮೊದಲ ಎರಡು ವಾರ ಕಸವೇ ಮುಂದಿತ್ತು. ನಾನು ದಿನಾ ಬೆಳಿಗ್ಗೆ ಚೌಕಗಳನ್ನು ಎಣಿಸುತ್ತಿದ್ದೆ. ಎಣಿಕೆ ನಮ್ಮ ಕಡೆ ಇರಲಿಲ್ಲ. ಸಾಹೇಬರು ಕೊಡೆ ಹಿಡಿದು ಆ ಕಡೆಯಿಂದ ಹೋಗುವಾಗ ನಿಲ್ಲುತ್ತಿರಲಿಲ್ಲ. ನನ್ನ ಮೇಜಿನ ಮೇಲೆ ಪಂಪಿನ ಕಾಗದ ಒಮ್ಮೆ ಕಂಡಿತು, ಬೇರೆ ಕಡತದ ಜೊತೆ ತಪ್ಪಿ ಬಂದಿತ್ತೋ ಏನೋ. ಮೂರನೆಯ ವಾರದ ಕೊನೆಗೆ ತಗಚಿಯ ಎಲೆಗಳು ಒಂದಕ್ಕೊಂದು ತಾಗಿದವು. ಆಮೇಲೆ ಅದರ ನೆರಳಲ್ಲಿ ಕಸ ಏಳಲಿಲ್ಲ. ಹೆಂಗಸರು ಕುಡಿ ಚಿವುಟಿದಷ್ಟೂ ತಗಚಿ ಪಕ್ಕಕ್ಕೆ ಟಿಸಿಲೊಡೆದು ಇನ್ನಷ್ಟು ದಟ್ಟವಾಯಿತು. ತಿನ್ನುವುದೇ ಅದಕ್ಕೆ ಆರೈಕೆಯಾಗಿತ್ತು. ಶ್ರಾವಣದಲ್ಲಿ ಹನ್ನೆರಡು ಪಾತಿಗಳಲ್ಲಿ ಒಂಬತ್ತು ಮುಚ್ಚಿಹೋಗಿದ್ದವು. ಮೂರರಲ್ಲಿ ನೀರು ನಿಂತು ಬೀಜ ಕೊಳೆಯಿತು. ಅದನ್ನೂ ಬರೆದೆ.

ಸಾಹೇಬರು ಒಂದು ಬೆಳಿಗ್ಗೆ ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಎಣಿಸುತ್ತ ಹೋದರು. ಒಂದೂವರೆ ಗಂಟೆ ಹಿಡಿಯಿತು. ಆರು ಜನ ದೂರದ ಪಾತಿಯಲ್ಲಿ ಕಳೆ ತೆಗೆಯುವವರ ಹಾಗೆ ಕೂತಿದ್ದರು. ಒಂದು ಕುರ್ಪಿಯೂ ಆಡುತ್ತಿರಲಿಲ್ಲ. ಸಾಹೇಬರು ಕಚೇರಿಗೆ ಬಂದು, ಬೆವರು ಒರೆಸಿಕೊಂಡು, "ಬರಕೊಳ್ಳಿ," ಎಂದರು.

"ಪ್ರತಿ ಪಾತಿಯಲ್ಲಿ ತಿನ್ನುವ ಜಾತಿಯ ಎರಡು ಕಳೆಗಿಡಗಳನ್ನು ಬೀಜಕ್ಕಾಗಿ ಬಿಡತಕ್ಕದ್ದು. ಕಿತ್ತ ಸೊಪ್ಪನ್ನು ಆಳುಗಳು ಒಯ್ಯಲು ಅಡ್ಡಿ ಇಲ್ಲ. ಕಳೆ ಕೆಲಸದ ಆರು ಮಂದಿಯನ್ನು ಮುಂದುವರಿಸತಕ್ಕದ್ದು." ಸ್ವಲ್ಪ ತಡೆದು, "ನಿಮ್ಮ ಆ ಹಳೆಯ ಕಾಗದ ನನ್ನ ಹತ್ತಿರವೇ ಇರಲಿ. ಕಳಿಸಲ್ಲ," ಎಂದರು.

ಆಜ್ಞೆಯ ಕಾಗದವನ್ನು ಹಿಡಿದು ನಾನು ಬಹುಶಃ ಓಡಿಯೇ ಹೋಗಿರಬೇಕು. ಚಪ್ಪಲಿಯೊಂದು ದಾರಿಯಲ್ಲಿ ಉಳಿದಿತ್ತು ಎಂದು ನರಸಮ್ಮ ಆಮೇಲೆ ಆಡಿಕೊಂಡಳು. ಅವರ ನಡುವೆ ಕೂತು ಪೂರ್ತಿ ಓದಿದೆ. ಮುಂದುವರಿಸತಕ್ಕದ್ದು ಎಂಬಲ್ಲಿಗೆ ಬಂದಾಗ ನರಸಮ್ಮ, "ಇನ್ನೊಮ್ಮಿ ಓದ್ರಿ," ಎಂದಳು. ಇನ್ನೊಮ್ಮೆ ಓದಿದೆ. ಹುಲಿಗೆಮ್ಮ ಮುಖಕ್ಕೆ ಸೆರಗು ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು ಕೇಳಿದಳು:

"ಎರಡು ಅಂತ ಬರದಾರೇನು? ಎಲ್ಲಾದಕ್ಕೂ ಎರಡ?"

"ಹೂಂ. ಪಾತಿಗೆ ಎರಡು."

"ಅದು ಬರೋಬ್ಬರಿ ಇಲ್ರಿ. ತಗಚಿಗೆ ನಾಕು ಬೇಕು, ಈ ಕಸ ಇರೋ ತನಕ. ಹಕ್ಕರಕಿಗೆ ಎರಡು. ಕಿರಕಸಾಲಿಗೆ ಒಂದ ಸಾಕು, ಅದರ ಬೀಜ ಧೂಳಿದ್ದಂಗ."

ಸರ್ಕಾರಿ ಆಜ್ಞೆ ಹೊರಟ ಅರ್ಧ ಗಂಟೆಯಲ್ಲೇ ಅದಕ್ಕೆ ತಿದ್ದುಪಡಿ ಬಂದಿತ್ತು. ನಾನು ನೋಟ್‌ಬುಕ್ಕು ತೆಗೆದು ಹೊಸ ಹಾಳೆಗೆ ಗೆರೆ ಎಳೆದೆ. ಎಡಕ್ಕೆ ಗಿಡ, ಬಲಕ್ಕೆ ಬಿಡಬೇಕಾದ ಸಂಖ್ಯೆ. ಅವರು ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತ ಹೇಳಿದರು, ನಾನು ಬರೆದೆ. ಹೊನಗೊನ್ನಿಗೆ ಕಾಲುವೆಯ ದಂಡೆಯಲ್ಲಿ ಒಂದು ಮೊಳ ಬಿಡಬೇಕು. ಕಾಕಿ ಹಣ್ಣಿನ ಗಿಡ ಹಕ್ಕಿ ಬಿತ್ತುತ್ತದೆ, ಒಂದು ಸಾಕು. ಹಾಳೆ ತುಂಬುತ್ತ ಬಂತು. ನಾನು ಕೂತಿದ್ದ ಪಾತಿಯ ಅಂಚಿನಲ್ಲಿ ದಪ್ಪ ಎಲೆಯ ಗೋಣಿ ಪಲ್ಯ ನೆಲಕ್ಕೆ ಅಂಟಿಕೊಂಡು ಹರಡಿತ್ತು. ಅದನ್ನು ತೋರಿಸಿ, "ಇದಕ್ಕ ಎಷ್ಟು ಬರೀಲಿ?" ಎಂದು ಕೇಳಿದೆ.

ಹುಲಿಗೆಮ್ಮ ಅದರ ಒಂದು ಟೊಂಗೆ ಮುರಿದು, ಹಿಂದೆ ನೋಡದೆ ಭುಜದ ಮೇಲಿಂದ ಎಸೆದಳು.

"ಗೋಣಿಗೆ ಲೆಕ್ಕ ಬರೀಬ್ಯಾಡ್ರಿ," ಎಂದಳು. "ಅದು ಬಿದ್ದಲ್ಲೇ ಬೇರು ಬಿಡ್ತದ."